ಶೋಕಕ್ಕೊಂದು ಕೋಡಿ: ಚಲನಚಿತ್ರ ಮತ್ತು ಸಾಂತ್ವನ

ಮಠದ ಮಾಸಪತ್ರಿಕೆಯಲ್ಲಿ ಚಲನಚಿತ್ರದ ವಿಚಾರವೇಕೆ ಎಂದು ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಸಿನಿಮಾ ಎಂದೊಡನೆ ಕಾಲಹರಣ, ದುಂದುವೆಚ್ಚ, ಹುಡುಗರ ಕೇಡು ಎಂಬ ಮೂರು ಮಾತುಗಳು ನಮ್ಮ ಹಿರಿಯರ ನಾಲಿಗೆಯ ತುದಿಯಲ್ಲಿಯೇ ಇರುತ್ತಿದ್ದವು. ಪ್ರಸಾದ ನಿಲಯದ ಹಿಂಬಾಗಿಲಿನಿಂದ ಎರಡನೆಯ ಆಟಕ್ಕೆ ಹೋಗಿ, ಬೆಳಗಿನ ಪ್ರಾರ್ಥನೆಯಲ್ಲಿ ತೂಕಡಿಸಿ ಸಿಕ್ಕಿಬಿದ್ದವರು ಈ ಪುಟಗಳನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಇಲ್ಲವೆಂದು ಹೇಳಲಾಗದು. ಹಿರಿಯರ ಆ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದೇನೂ ಅಲ್ಲ. ಆದರೆ ಇಲ್ಲಿ ಎತ್ತಿಕೊಂಡಿರುವ ವಿಷಯ ಬೇರೆ. ಮನೆಯಲ್ಲಿ ಸಾವು ಸಂಭವಿಸಿ, ಶಿವಗಣಾರಾಧನೆ ಮುಗಿದು, ಬಂಧುಬಳಗದವರು ತಮ್ಮ ತಮ್ಮ ಊರುಗಳಿಗೆ ತೆರಳಿದ ಮೇಲೆ, ಒಬ್ಬ ತಾಯಿಯೋ ಒಬ್ಬ ಮಗನೋ ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತು ಪರದೆಯ ಮೇಲಿನ ಯಾರದೋ ದುಃಖಕ್ಕೆ ಕಣ್ಣೀರಿಡುವರಲ್ಲ, ಆ ಕಣ್ಣೀರಿನ ಸ್ವರೂಪವೇನು? ಅದು ಕೇವಲ ಮೋಹವೆ? ಅಥವಾ ಅದರಿಂದ ಬದುಕಿಗೆ ಏನಾದರೂ ಉಪಕಾರವುಂಟೆ? ಉಂಟಾದರೆ ಎಂತಹ ಚಿತ್ರದಿಂದ?

ಸಹೃದಯ ವಾಚಕರೇ, ಈ ಪ್ರಶ್ನೆ ಇಂದಿನದಲ್ಲ. ಎಂಟನೆಯ ಶತಮಾನದ ಭವಭೂತಿ ತನ್ನ ‘ಉತ್ತರರಾಮಚರಿತ’ ನಾಟಕವನ್ನು ಈ ಪ್ರಶ್ನೆಯ ಮೇಲೆಯೇ ಕಟ್ಟಿದ್ದಾನೆಂದರೆ ತಪ್ಪಾಗಲಾರದು. ಮೊದಲ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮದೇ ವನವಾಸದ ಚಿತ್ರಗಳನ್ನು ನೋಡುತ್ತ ಸಾಗುತ್ತಾರೆ. ಎಂದೋ ಮುಗಿದುಹೋದ ದುಃಖ, ಚಿತ್ರವಾಗಿ ಎದುರು ನಿಂತೊಡನೆ, ಕಣ್ಣನ್ನು ಮತ್ತೆ ತೇವಗೊಳಿಸುತ್ತದೆ. ಕೊನೆಯ ಅಂಕದಲ್ಲಿಯಂತೂ ಕವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ವಾಲ್ಮೀಕಿ ರಚಿಸಿದ ನಾಟಕವನ್ನು ಅಪ್ಸರೆಯರು ಆಡಿತೋರಿಸುತ್ತಾರೆ. ಪ್ರೇಕ್ಷಕನಾಗಿ ಕುಳಿತವನು ಸಾಕ್ಷಾತ್ ರಾಮ. ಕಥೆ ಅವನೇ ಕಾಡಿಗಟ್ಟಿದ ಸೀತೆಯದು. ಇದು ನಾಟಕವೆಂದು ಲಕ್ಷ್ಮಣ ನೆನಪಿಸಿದರೂ ಕೇಳದೆ ರಾಮ ಮೂರ್ಛೆಹೋಗುತ್ತಾನೆ. ಹನ್ನೆರಡು ವರ್ಷ ರಾಜಧರ್ಮದ ಹೆಸರಿನಲ್ಲಿ ಒಳಗೇ ಅದುಮಿಟ್ಟ ಶೋಕ, ಅನ್ಯರ ಅಭಿನಯದ ಮುಂದೆ ಕಟ್ಟೊಡೆಯುತ್ತದೆ. ತುಂಬಿದ ಕೆರೆಗೆ ನೀರು ಹೊರಹೋಗುವ ದಾರಿ ಹೇಗೋ ಶೋಕ ತುಂಬಿದ ಎದೆಗೆ ಅಳು ಹಾಗೆ ಎಂಬ ಭಾವವನ್ನೂ ಇದೇ ನಾಟಕದ ಮೂರನೆಯ ಅಂಕದಲ್ಲಿ ಭವಭೂತಿ ಇಟ್ಟಿದ್ದಾನೆ. ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಪ್ಪನ ಕೆರೆಯ ದಂಡೆಯ ಮೇಲೆ ತಿರುಗಾಡಿದ ಪ್ರತಿಯೊಬ್ಬರೂ ಕೋಡಿಯಿಲ್ಲದ ಕೆರೆ ಒಂದೇ ದೊಡ್ಡ ಮಳೆಗೆ ಒಡೆದುಹೋಗುವುದೆಂದು ಬಲ್ಲರು. ಗ್ರೀಸಿನ ಅರಿಸ್ಟಾಟಲನು ರುದ್ರನಾಟಕ ಕರುಣೆಯನ್ನೂ ಭಯವನ್ನೂ ಕೆರಳಿಸಿ ಶುದ್ಧಿಗೊಳಿಸುತ್ತದೆಂದು ಹೇಳಿದ್ದನ್ನು ಕಾಲೇಜಿನಲ್ಲಿ ಓದಿದವರಿಗೆ ಮತ್ತೆ ಹೇಳುವ ಅಗತ್ಯವಿಲ್ಲ.

ಸಿನಿಮಾ ಬರುವುದಕ್ಕೆ ಮುಂಚೆ ನಮ್ಮ ಭಾಗದಲ್ಲಿ ಈ ಕೋಡಿಗಳು ಯಾವುವಾಗಿದ್ದವು? ಲಿಂಗೈಕ್ಯರಾದವರ ಶರೀರವನ್ನು ವಿಭೂತಿ ಧರಿಸಿ ಕುಳ್ಳಿರಿಸಿ, ರಾತ್ರಿಯಿಡೀ ಅದರ ಮುಂದೆ ಭಜನೆ ಮಾಡುವ ಪದ್ಧತಿ ಇಂದಿಗೂ ಇದೆ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ತಾಳ, ದಮ್ಮಡಿಗಳೊಡನೆ ಹಾಡುತ್ತಿರುವಾಗ ಮನೆಯವರು ಅಳುವುದಕ್ಕೂ ಸಮಾಧಾನಗೊಳ್ಳುವುದಕ್ಕೂ ಒಂದು ಲಯ ಸಿಕ್ಕುತ್ತದೆ. ಹೆಂಗಸರು ಹೋದವರ ಗುಣವನ್ನು ಒಂದೊಂದಾಗಿ ಹಾಡಿಕೊಂಡು ಅಳುವುದುಂಟು. ಇನ್ನು ಮೊಹರಮ್ಮಿನ ರಿವಾಯತ್ ಪದಗಳನ್ನು ನೆನೆಯಿರಿ. ಕರ್ಬಲಾದಲ್ಲಿ ಮಡಿದವರ ಕಥೆಯನ್ನು ಅಚ್ಚಗನ್ನಡದಲ್ಲಿ ಹಾಡುವವರಲ್ಲಿ ನಮ್ಮ ಹಳ್ಳಿಗಳ ಎಲ್ಲ ಜಾತಿಯವರೂ ಇರುತ್ತಾರೆ. ತಾವು ಎಂದೂ ಕಾಣದ ನಾಡಿನಲ್ಲಿ, ಸಾವಿರದಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನೀರಡಿಸಿ ಸತ್ತ ಮಗುವಿಗಾಗಿ ಕಲಬುರಗಿ ಜಿಲ್ಲೆಯ ಒಕ್ಕಲಿಗನೊಬ್ಬ ಕಣ್ಣೀರು ಹಾಕುತ್ತಾನೆ. ಅವನು ಅಳುವುದು ಆ ಮಗುವಿಗೊಂದೇ ಎಂದು ಯಾರೂ ತಿಳಿಯರು. ಕಳೆದ ವರ್ಷ ತನ್ನ ಮನೆಯಿಂದ ಹೋದವರಿಗೂ ಅದರಲ್ಲಿ ಪಾಲಿದೆ. ಅನ್ಯರ ದುಃಖದ ನೆರಳಿನಲ್ಲಿ ನಿಂತು ತನ್ನ ದುಃಖವನ್ನು ಹೊರಹಾಕುವ ಈ ಕಲೆಯನ್ನು ನಮ್ಮ ಜನ ಸಿನಿಮಾದಿಂದ ಕಲಿಯಲಿಲ್ಲ. ಅದು ಅವರಲ್ಲಿ ಮೊದಲೇ ಇದ್ದಿತು. ಟೂರಿಂಗ್ ಟಾಕೀಸಿನ ಡೇರೆ ಊರಿಗೆ ಬಂದಾಗ ಆ ಕಲೆ ಡೇರೆಯ ಒಳಗೂ ಹೊಕ್ಕಿತು, ಅಷ್ಟೆ.

ಆ ಡೇರೆಯ ಕಾಲದಿಂದ ಇಂದಿನವರೆಗೂ, ಶೋಕಕ್ಕೆ ಒದಗಿದ ಕನ್ನಡ ಚಿತ್ರಗಳಲ್ಲಿ ಮೊದಲು ಹೆಸರಿಸಬೇಕಾದದ್ದು ‘ಸತ್ಯಹರಿಶ್ಚಂದ್ರ’. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ತೆರೆಕಂಡ ಈ ಚಿತ್ರದಲ್ಲಿ ರಾಜಕುಮಾರ್ ಹರಿಶ್ಚಂದ್ರನಾಗಿಯೂ ಪಂಢರಿಬಾಯಿ ಚಂದ್ರಮತಿಯಾಗಿಯೂ ನಟಿಸಿದರು. ಕಥೆ ನಮ್ಮ ರಾಘವಾಂಕನು ಹಾಡಿದ ಕಥೆಯೇ. ಪುರಾಣ ಪ್ರವಚನಗಳಲ್ಲಿ ಅದನ್ನು ಕೇಳದ ಭಕ್ತರಿಲ್ಲ. ರಾಘವಾಂಕನ ಕಾವ್ಯದಲ್ಲಿ ಒಂದು ವಿವರವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮಗನು ಹಾವು ಕಚ್ಚಿ ಸತ್ತನೆಂಬ ಸುದ್ದಿ ಬಂದರೂ ಚಂದ್ರಮತಿ ಒಡನೆ ಓಡಿಹೋಗುವಂತಿಲ್ಲ, ಆಕೆ ತೊತ್ತು, ಮನೆಗೆಲಸ ಮುಗಿಸಬೇಕು. ಸಾವಿಗಿಂತಲೂ ಕ್ರೂರವಾದದ್ದು ಈ ತಡೆ. ಅಳುವುದಕ್ಕೂ ಯಜಮಾನರ ಅಪ್ಪಣೆ ಬೇಕಾದ ಸ್ಥಿತಿ ಅದು.

ಆಮೇಲೆ ಬರುವುದು ಸುಡುಗಾಡು. ಪಂಢರಿಬಾಯಿಯವರ ಅಭಿನಯವನ್ನು ಇಂದಿನ ಕಣ್ಣುಗಳು ಅತಿಯೆನ್ನಬಹುದು. ರಂಗಭೂಮಿಯ ಛಾಯೆ ಅದರಲ್ಲಿ ಇದ್ದೇ ಇದೆ. ಆದರೆ ನಮ್ಮ ಮನೆಗಳಲ್ಲಿ ಮಗ ಸತ್ತ ತಾಯಿ ಅಳುವುದೂ ಮಿತವಾಗಿಯೇ ಎಂದು ಹೇಳುವವರಾರು? ಈ ದೃಶ್ಯದ ನಿಜವಾದ ಹಿರಿಮೆ ಇಬ್ಬರ ದುಃಖವನ್ನು ಎದುರುಬದುರು ನಿಲ್ಲಿಸಿರುವುದರಲ್ಲಿದೆ. ತಾಯಿಗೆ ಅಳಲು ಬಾಯಿಯುಂಟು. ತಂದೆಗೆ ಅದೂ ಇಲ್ಲ. ಅವನು ಕಾವಲುಗಾರ, ಸುಂಕ ಕೇಳಬೇಕಾದವನು. ಸತ್ತದ್ದು ತನ್ನ ಮಗನೇ ಎಂದು ತಿಳಿದ ಮೇಲೂ ಸುಂಕ ಕೇಳುವ ಆ ಕ್ಷಣದಲ್ಲಿ ರಾಜಕುಮಾರರ ಮುಖವನ್ನು ನೋಡಿ. ನಮ್ಮಲ್ಲಿ ಸಾವಾದ ಮನೆಯ ಗಂಡಸರೆಲ್ಲರೂ ಒಂದರ್ಥದಲ್ಲಿ ಆ ಹರಿಶ್ಚಂದ್ರನೇ. ಕುಣಿ ತೆಗೆಸುವವನು ಅವನು, ಬೀಗರಿಗೆ ಸುದ್ದಿ ಕಳಿಸುವವನು ಅವನು, ಬಂದವರಿಗೆ ನೀರು ಕೊಡಿಸುವವನು, ಲೆಕ್ಕ ಬರೆಯುವವನು, ಕಚೇರಿಗೆ ತಿರುಗುವವನು. ಎಲ್ಲ ಮುಗಿದ ಮೇಲೆ ಅವನು ಅಳಬೇಕೆಂದುಕೊಂಡರೆ ಕಾಲ ಮೀರಿರುತ್ತದೆ; ಗಂಡಸಾಗಿ ಅಳುವುದೇ ಎಂದು ಕೇಳಲು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಡೇರೆಯ ಕತ್ತಲೆಯಲ್ಲಿ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ ಆ ಹಿರಿಯರು, ಪರದೆಯ ಮೇಲಿನ ಅರಸನ ನೆಪದಲ್ಲಿ ತಮ್ಮ ಬಾಕಿಯನ್ನು ತೀರಿಸುತ್ತಿದ್ದರು.

ಚಿತ್ರದ ಕೊನೆಯಲ್ಲಿ ದೇವರು ಪ್ರತ್ಯಕ್ಷನಾಗಿ ಲೋಹಿತಾಶ್ವ ಎದ್ದು ಕುಳಿತುಕೊಳ್ಳುತ್ತಾನೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಇದನ್ನು ನೋಡಿದಾಗ ಮೋಸಹೋದೆನೆಂದು ಭಾವಿಸುವುದಿಲ್ಲವೇಕೆ? ಆಕೆಗೆ ಗೊತ್ತು, ತನ್ನವನು ಏಳುವುದಿಲ್ಲ. ನನ್ನ ಮಟ್ಟಿಗೆ ಉತ್ತರವಿದು: ಆಕೆಗೆ ಬೇಕಾದದ್ದು ಸುಡುಗಾಡಿನಲ್ಲಿಯೇ ಸಿಕ್ಕಿರುತ್ತದೆ. ಕೊನೆಯ ಪವಾಡ ಕಥೆಯ ಮರ್ಯಾದೆ. ಅದನ್ನು ಆಕೆ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಎದ್ದುಬರುತ್ತಾಳೆ. ಚಿತ್ರವು ಪವಾಡಕ್ಕೆ ಅವಸರಪಟ್ಟು ಸುಡುಗಾಡನ್ನು ಎರಡು ನಿಮಿಷದಲ್ಲಿ ಮುಗಿಸಿದ್ದರೆ ಆ ಪ್ರಸಾದ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಆಸ್ಥಾನದ ದೃಶ್ಯಗಳಿಗೆ ಬಣ್ಣ ಒಪ್ಪಿತು. ಸುಡುಗಾಡಿನ ಕತ್ತಲೆಗೆ ಬಣ್ಣದ ಅಗತ್ಯವಿರಲಿಲ್ಲವೆಂದು ನನ್ನ ಅನಿಸಿಕೆ. ಕಪ್ಪು ಬಿಳುಪಿನಲ್ಲಿ ಚಿತೆಯ ಬೆಳಕಿಗಿದ್ದ ಭಯ ಬಣ್ಣದಲ್ಲಿ ಕಳೆದುಹೋಯಿತು.

ಇಲ್ಲಿ ಒಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಶರಣರ ದೃಷ್ಟಿಯಲ್ಲಿ ಮರಣವು ಭಯಪಡುವ ವಸ್ತುವಲ್ಲ. ಅದು ಲಿಂಗದಲ್ಲಿ ಬೆರೆಯುವ ಐಕ್ಯ. ಈ ದರ್ಶನದ ಎತ್ತರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಎತ್ತರ ಶರಣರಿಗೆ ಜೀವಮಾನದ ಸಾಧನೆಯಿಂದ ಬಂದದ್ದು. ನಾವಾದರೋ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಎಳೆಯ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯ ಮುಂದೆ ಕುಳಿತು, ಲಿಂಗೈಕ್ಯವಾಯಿತು, ಅಳಬಾರದು, ಅತ್ತರೆ ಆತ್ಮಕ್ಕೆ ತೊಂದರೆ ಎಂದು ಹೇಳಿ ಎದ್ದುಬರುವ ನಮ್ಮ ಹಿರಿಯರು ಸಾಂತ್ವನ ಹೇಳಿದೆವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವರು ಕೆರೆಯ ಕೋಡಿಗೆ ಕಲ್ಲು ಒಟ್ಟಿ ಬಂದಿರುತ್ತಾರೆ. ಕೆಲಸ ಮುಗಿಸಿ ಹೋಗು ಎಂದು ಚಂದ್ರಮತಿಯನ್ನು ತಡೆದ ಯಜಮಾನರಿಗೂ ಇವರಿಗೂ ಅಂತರ ಎಷ್ಟು ಎಂದು ವಾಚಕರೇ ಯೋಚಿಸಲಿ.

ಈ ಕೋಡಿಗಳೆಲ್ಲವೂ ಒಮ್ಮೆಗೇ ಮುಚ್ಚಿಹೋದ ಕಾಲವೊಂದನ್ನು ನಾವೆಲ್ಲರೂ ಕಂಡಿದ್ದೇವೆ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ಹಿರಿಯರೊಬ್ಬರ ಮರಣವೇ ಕೋವಿಡ್ ರೋಗದಿಂದ ಭಾರತದಲ್ಲಾದ ಮೊದಲ ಸಾವೆಂದು ಎರಡು ದಿನಗಳ ಅನಂತರ ದೃಢಪಟ್ಟಿತು. ದೇಶದ ಭೂಪಟದಲ್ಲಿ ನಮ್ಮ ನಗರದ ಹೆಸರು ಹೀಗೆ ಬರೆಯಲ್ಪಟ್ಟಿತು. ಮಾರ್ಚ್ 14ರಿಂದ ರಾಜ್ಯದ ಚಿತ್ರಮಂದಿರಗಳು ಬಾಗಿಲು ಹಾಕಿದವು. ಮುಂದಿನ ವರ್ಷದ ಎರಡನೆಯ ಅಲೆಯಲ್ಲಿ ಸತ್ತವರ ಮುಖ ನೋಡುವುದೂ ದುರ್ಲಭವಾಯಿತು. ಭಜನೆಯಿಲ್ಲ, ಕುಳ್ಳಿರಿಸಿ ಪೂಜಿಸುವುದಿಲ್ಲ, ನಾಲ್ಕು ಜನ ಹೆಗಲು ಕೊಡುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಶರೀರವನ್ನು ದೂರದಿಂದ ನೋಡಿ ಕೈಮುಗಿದು ಬಂದವರು ಎಷ್ಟೋ ಮಂದಿ. ನೆರೆಯವರು ಮಾತನಾಡಿಸಲು ಬರುವಂತಿರಲಿಲ್ಲ. ಅತ್ತು ಮುಗಿಯದ ಅಳು ಸಾವಿರಾರು ಮನೆಗಳಲ್ಲಿ ಹಾಗೆಯೇ ಉಳಿಯಿತು. 2021ರ ಅಕ್ಟೋಬರ್ 1ರಿಂದ ಚಿತ್ರಮಂದಿರಗಳಲ್ಲಿ ಪೂರ್ಣ ಆಸನಗಳಿಗೆ ಅನುಮತಿ ದೊರೆತಾಗ, ಆ ಬಾಗಿಲುಗಳ ಒಳಗೆ ಯಾವ ಭಾರ ಬಂದು ಕೂಡಲಿದೆ ಎಂಬುದನ್ನು ಯಾರೂ ಊಹಿಸಿರಲಿಲ್ಲ.

ಅದೇ ತಿಂಗಳ 29ರಂದು ಪುನೀತ್ ರಾಜಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ವಯಸ್ಸು 46. ಅಂದು ಬೆಳಗ್ಗೆಯೇ ಅವರ ಅಣ್ಣ ಶಿವರಾಜಕುಮಾರರ ‘ಭಜರಂಗಿ 2’ ಬಿಡುಗಡೆಯಾಗಿತ್ತು; ಸುದ್ದಿ ಹರಡಿದೊಡನೆ ಪ್ರದರ್ಶನಗಳು ನಿಂತವು. ‘ಬೆಟ್ಟದ ಹೂವು’ ಚಿತ್ರದ ಬಾಲಕ ರಾಮುವನ್ನು 1985ರಲ್ಲಿ ಕಂಡ ಪೀಳಿಗೆಗೆ ಆತ ಮನೆಯ ಹುಡುಗ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ತನಗೆ ಬೇಕಾಗಿದ್ದ ರಾಮಾಯಣದ ಪುಸ್ತಕವನ್ನು ಬಿಟ್ಟು, ಕೂಡಿಟ್ಟ ಹಣದಲ್ಲಿ ಮನೆಯವರಿಗೆ ಕಂಬಳಿ ತರುವ ಆ ಬಡಹುಡುಗನನ್ನು ನಮ್ಮ ತಾಯಂದಿರು ಮರೆತಿರಲಿಲ್ಲ. ತಂದೆಯಂತೆಯೇ ಆತನ ಕಣ್ಣುಗಳನ್ನೂ ದಾನ ಮಾಡಲಾಯಿತು. ರಾಜ್ಯದ ಉದ್ದಗಲಕ್ಕೂ ಜನ ಅತ್ತರು. ನಟನೊಬ್ಬನಿಗಾಗಿ ಇಷ್ಟು ಅಳುವುದೇ ಎಂದು ಬೇಸರಪಟ್ಟ ವಿಚಾರವಂತರೂ ಇದ್ದರು. ಅಳುತ್ತಿದ್ದವರು ನಟನೊಬ್ಬನಿಗಾಗಿಯೇ ಅಳುತ್ತಿದ್ದರೆ ಎಂದು ಅವರು ಕೇಳಿಕೊಳ್ಳಲಿಲ್ಲ.

2022ರ ಮಾರ್ಚ್ 17ರಂದು, ಪುನೀತರ ಜನ್ಮದಿನದಂದೇ, ‘ಜೇಮ್ಸ್’ ಬಿಡುಗಡೆಯಾಯಿತು. ಚಿತ್ರವಾಗಿ ಅದರ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಸೈನಿಕನಾಗಿದ್ದವನ ಸೇಡು, ಹೊಡೆದಾಟದ ಮೇಲೆ ಹೊಡೆದಾಟ, ನಡುವೆ ಕುಣಿತ. ಪುನೀತರೇ ಇದ್ದಿದ್ದರೆ ಇದು ಅವರ ಸಾಧಾರಣ ಚಿತ್ರಗಳಲ್ಲೊಂದಾಗಿ ಮರೆಯಾಗುತ್ತಿತ್ತು. ಆದರೂ ಈ ಚಿತ್ರ ಮಾಡಿದ ಕೆಲಸವನ್ನು ಎಷ್ಟೋ ಉತ್ತಮ ಚಿತ್ರಗಳು ಮಾಡಿಲ್ಲ. ಸಾಂತ್ವನ ಕೊಟ್ಟಿತೆಂದ ಮಾತ್ರಕ್ಕೆ ಚಿತ್ರ ಶ್ರೇಷ್ಠವಾಗುವುದಿಲ್ಲ, ಶ್ರೇಷ್ಠವಲ್ಲವೆಂದ ಮಾತ್ರಕ್ಕೆ ಅದು ಕೊಟ್ಟ ಸಾಂತ್ವನ ಸುಳ್ಳಾಗುವುದಿಲ್ಲ. ವಿಮರ್ಶಕನಾದವನು ಈ ಎರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು.

ಕಮಲಾಪುರದಲ್ಲಿ ಕೆಂಪುಬಾಳೆ ಬೆಳೆಯುವ ಮನೆತನವೊಂದರ ಹಿರಿಯ ತಾಯಿಯೊಬ್ಬರು ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದರು. ಎರಡನೆಯ ಅಲೆಯಲ್ಲಿ ಅವರ ನಡುವಯಸ್ಸಿನ ಮಗ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಶರೀರ ಮನೆಗೆ ಬರಲಿಲ್ಲ. ಮುಂದಿನ ವರ್ಷ ಮೊಮ್ಮಗನ ಹಟಕ್ಕೆ ಕಟ್ಟುಬಿದ್ದು ಅವರು ಬಸ್ಸಿನಲ್ಲಿ ಕಲಬುರಗಿಗೆ ಬಂದು ಆ ಚಿತ್ರವನ್ನು ನೋಡಿದರಂತೆ. ತೋಟದ ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ್ದಿಷ್ಟು: “ಮನ್ಯಾಗ ಅತ್ರ ಮೊಮ್ಮಕ್ಕಳು ಹೆದರ್ತಾವ ಅಂತ ಬಾಯಾಗ ಸೆರಗ ತುರಕ್ಕೊಂಡು ಕೂತಿದ್ದೆ ಸರ. ಅಲ್ಲಿ ಆ ಹುಡುಗ ಬಂದು ನಿಂತ ಕೂಡಲೇ ಎಲ್ಲರೂ ಅಳ್ಲಾಕತ್ತಿದ್ರು. ನಾನೂ ಅತ್ತೆ. ಯಾಕಳ್ತಿ ಅಂತ ಯಾರೂ ಕೇಳಲಿಲ್ರೀ.” ಕಥೆ ಏನಿತ್ತೆಂದು ಕೇಳಿದೆ. ಅದು ತಮಗೆ ತಿಳಿಯಲಿಲ್ಲವೆಂದು ನಕ್ಕರು.

ಯಾಕೆ ಅಳುತ್ತಿ ಎಂದು ಯಾರೂ ಕೇಳದಿರುವ ಸ್ಥಳ! ಸಾವಾದ ಮನೆಗೆ ಬಂದವರು ಕೇಳಬಾರದ್ದನ್ನೂ ಕೇಳುತ್ತಾರೆ: ಯಾವ ಆಸ್ಪತ್ರೆ, ಎಷ್ಟು ಖರ್ಚು, ಮೊದಲೇ ತೋರಿಸಬಾರದಿತ್ತೆ? ಚಿತ್ರಮಂದಿರದಲ್ಲಿ ನೂರಾರು ಜನ ಪಕ್ಕದಲ್ಲಿದ್ದಾರೆ, ಆದರೆ ಎಲ್ಲರ ಮುಖವೂ ಪರದೆಯ ಕಡೆಗಿದೆ. ಜೊತೆಯೂ ಉಂಟು, ಮರೆಯೂ ಉಂಟು. ಭಜನೆಯ ರಾತ್ರಿಯಲ್ಲಿಯೂ ಇರುವುದು ಇದೇ. ಹಾಡುವವರ ದೃಷ್ಟಿ ಹಾಡಿನ ಮೇಲಿರುತ್ತದೆ, ಅಳುವವರನ್ನು ಯಾರೂ ದಿಟ್ಟಿಸುವುದಿಲ್ಲ.

‘ಜೇಮ್ಸ್’ ಚಿತ್ರದಲ್ಲಿ ಇನ್ನೊಂದು ಸಂಗತಿಯಿದೆ. ಅದೇ ನನ್ನನ್ನು ಬಹಳ ಕಾಲ ಕಾಡಿದ್ದು. ಪುನೀತರು ತಮ್ಮ ಪಾತ್ರಕ್ಕೆ ಧ್ವನಿ ಕೊಡುವ ಮೊದಲೇ ತೀರಿಕೊಂಡಿದ್ದರು. ಆದುದರಿಂದ ಶಿವರಾಜಕುಮಾರರು ತಮ್ಮನ ಮಾತುಗಳನ್ನು ಆಡಿದರು. ಪರದೆಯ ಮೇಲೆ ತಮ್ಮನ ಮುಖ, ಕಿವಿಗೆ ಅಣ್ಣನ ಕಂಠ. ನಗುತ್ತಿರುವ ತುಟಿಗಳಿಂದ ಬೇರೊಬ್ಬರ ಸ್ವರ ಹೊರಡುವಾಗ ಪ್ರತಿಯೊಂದು ಮಾತೂ, ಈತ ಈಗಿಲ್ಲ ಎಂದು ಹೇಳುತ್ತಲೇ ಇರುತ್ತದೆ. ನಿರ್ದೇಶಕರು ಬಯಸಿ ಮಾಡಿದ್ದಲ್ಲ ಇದು, ವಿಧಿ ಮಾಡಿಸಿದ್ದು. ಆದರೂ ಚಿತ್ರದ ಅತ್ಯಂತ ಸತ್ಯವಾದ ಅಂಶ ಅದೇ. ಮುಂದೆ ಏಪ್ರಿಲ್ ತಿಂಗಳಿನಲ್ಲಿ ತಂತ್ರಜ್ಞಾನದ ಸಹಾಯದಿಂದ ಪುನೀತರದೇ ಧ್ವನಿಯನ್ನು ಹೊಂದಿಸಿ ಚಿತ್ರವನ್ನು ಮತ್ತೆ ಬಿಟ್ಟರು. ಅಭಿಮಾನಿಗಳು ಸಂತೋಷಪಟ್ಟರು; ಅವರ ಸಂತೋಷವನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನಾನು ಅಣ್ಣನ ಧ್ವನಿಯಿರುವುದನ್ನೇ ಆರಿಸಿಕೊಳ್ಳುವೆನು. ಆ ಧ್ವನಿಯಲ್ಲಿ ಸಾವು ಅಡಗಿ ಕುಳಿತಿಲ್ಲ. ಸತ್ತವರ ಸ್ವರವನ್ನೂ ಮುಖವನ್ನೂ ಯಂತ್ರದಿಂದ ಕಟ್ಟಿಕೊಡುವ ವಿದ್ಯೆ ಅಲ್ಲಿಂದೀಚೆಗೆ ಇನ್ನೂ ಬಹಳ ಬೆಳೆದಿದೆ. ತೀರಿಕೊಂಡ ತಂದೆ ಮದುವೆಯ ಮಂಟಪಕ್ಕೆ ನಡೆದುಬಂದು ಹರಸುವಂತಹ ದೃಶ್ಯಗಳನ್ನು ಮಾಡಿಸಿಕೊಳ್ಳುವ ಮನೆಗಳೂ ಇವೆ. ನೋಡಿದವರು ಕಣ್ಣೀರಿಡುತ್ತಾರೆ, ನಿಜ. ಆದರೆ ಮರುದಿನ ಬೆಳಗಾದಾಗ ತಂದೆಯ ಖಾಲಿ ಕುರ್ಚಿ ಮೊದಲಿಗಿಂತ ಹೆಚ್ಚು ಖಾಲಿಯಾಗಿ ಕಾಣುವುದಿಲ್ಲವೆ?

ಇದಕ್ಕೆ ಹೋಲಿಸಿದರೆ 2022ರ ಅಕ್ಟೋಬರ್ 28ರಂದು, ಪ್ರಥಮ ಪುಣ್ಯಸ್ಮರಣೆಯ ಹಿಂದಿನ ದಿನ, ತೆರೆಕಂಡ ‘ಗಂಧದ ಗುಡಿ’ ಎಷ್ಟು ಸರಳ, ಎಷ್ಟು ಪ್ರಾಮಾಣಿಕ! ಅಮೋಘವರ್ಷ ಅವರು ನಿರ್ದೇಶಿಸಿದ ಈ ಸಾಕ್ಷ್ಯಚಿತ್ರಕ್ಕೆ, ರಾಜಕುಮಾರರ 1973ರ ಚಿತ್ರದ ಹೆಸರನ್ನೇ ಇಡಲಾಗಿದೆ. ಇಲ್ಲಿ ಪುನೀತರಿಗೆ ಪಾತ್ರವಿಲ್ಲ, ಬಣ್ಣವಿಲ್ಲ, ಹೊಡೆದಾಟವಿಲ್ಲ. ಅ‌ವರು ನಾಡಿನ ಕಾಡುಗಳನ್ನು ಸುತ್ತುತ್ತಾರೆ, ಹಾವಿಗೆ ಅಂಜುತ್ತಾರೆ, ತಿಳಿಯದ್ದನ್ನು ಕೇಳುತ್ತಾರೆ, ನಗುತ್ತಾರೆ. ಚಿತ್ರೀಕರಿಸುತ್ತಿರುವ ಯಂತ್ರಕ್ಕೆ ಮುಂದೆ ಏನಾಗಲಿದೆ ಎಂದು ತಿಳಿದಿಲ್ಲ. ನೋಡುತ್ತಿರುವ ನಮಗೆ ತಿಳಿದಿದೆ. ನಮ್ಮ ಮನೆಗಳ ಹಳೆಯ ಲಗ್ನದ ವಿಡಿಯೋಗಳಲ್ಲಿ, ಈಗಿಲ್ಲದ ಅಜ್ಜನೊಬ್ಬ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಮುರಿಯುತ್ತಿರುವುದನ್ನು ಕಂಡಾಗ ಆಗುವ ಅನುಭವ ಇದೇ. ಅಜ್ಜ ಯಾವ ಸಂದೇಶವನ್ನೂ ಕೊಡುತ್ತಿಲ್ಲ. ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳುತ್ತಿದ್ದಾನೆ. ನಮಗೆ ಅಷ್ಟು ಸಾಕು. ‘ಗಂಧದ ಗುಡಿ’ಯ ನಿರ್ಮಾಪಕರು ಈ ಸತ್ಯವನ್ನು ಬಹುಮಟ್ಟಿಗೆ ನಂಬಿದ್ದಾರೆ. ಅಲ್ಲಲ್ಲಿ ಹಿನ್ನೆಲೆಯ ಸಂಗೀತ ಮಾತ್ರ ನಮ್ಮನ್ನು ಅಳಿಸಲೇಬೇಕೆಂದು ಹಟ ಹಿಡಿಯುತ್ತದೆ. ಅಷ್ಟು ಶ್ರಮ ಅದಕ್ಕೆ ಬೇಕಿರಲಿಲ್ಲ.

ಹಟ ಹಿಡಿದು ಅಳಿಸುವ ಚಿತ್ರಗಳ ವಿಷಯ ಬಂದುದರಿಂದ ಒಂದು ಮಾತು. ನಮ್ಮ ಜನಪ್ರಿಯ ಚಿತ್ರಗಳಲ್ಲಿ ನಾಯಕನ ತಾಯಿಯೋ ತಂಗಿಯೋ ಸಾಯುವುದು ಒಂದು ಪದ್ಧತಿಯೇ ಆಗಿದೆ. ಮಳೆ ಸುರಿಯುತ್ತದೆ, ಒಂದು ಹಾಡು ಬರುತ್ತದೆ, ಹಾಡು ಮುಗಿಯುವುದರೊಳಗೆ ನಾಯಕ ಕತ್ತಿ ಹಿಡಿದು ನಿಂತಿರುತ್ತಾನೆ. ಸತ್ತವಳು ಅಲ್ಲಿ ಒಬ್ಬ ವ್ಯಕ್ತಿಯಲ್ಲ, ಮುಂದಿನ ಹೊಡೆದಾಟಗಳಿಗೆ ಹೂಡಿದ ಬಂಡವಾಳ. ನಿಜವಾಗಿ ದುಃಖದಲ್ಲಿರುವ ಪ್ರೇಕ್ಷಕನಿಗೆ ಇಂತಹ ಚಿತ್ರ ಅವಮಾನ ಮಾಡುತ್ತದೆ. ಅವನ ಮನೆಯಲ್ಲಿ ಸೇಡು ತೀರಿಸಿಕೊಳ್ಳಲು ಯಾರೂ ಇಲ್ಲ. ಸಕ್ಕರೆಕಾಯಿಲೆಯ ಮೇಲೆ ಕತ್ತಿ ಎತ್ತುವುದು ಹೇಗೆ?

ಸಕ್ಕರೆಕಾಯಿಲೆಯೆಂದಾಗ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1986ರಲ್ಲಿ ಮಾಡಿದ ‘ತಬರನ ಕಥೆ’. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಹೆಂಡತಿಯ ಕಾಲು ಅದೇ ಕಾಯಿಲೆಯಿಂದ ಕೊಳೆಯುತ್ತದೆ. ಹಣ ಬರುವ ಹೊತ್ತಿಗೆ ಆಕೆ ಇರುವುದಿಲ್ಲ. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ, ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದ ಚಿತ್ರ ಇದು. ಇದರಲ್ಲಿ ಸಾಂತ್ವನವೆಲ್ಲಿದೆ ಎಂದು ಕೇಳಬಹುದು. ಸತ್ತವರ ಹೆಸರನ್ನು ದಾಖಲೆಗಳಲ್ಲಿ ಬದಲಾಯಿಸಲು, ಪಿಂಚಣಿಯನ್ನು ವಿಧವೆಗೆ ವರ್ಗಾಯಿಸಲು, ಮರಣಪತ್ರದಲ್ಲಿ ತಪ್ಪಾಗಿ ಬರೆದ ಒಂದು ಅಕ್ಷರವನ್ನು ತಿದ್ದಿಸಲು ಆರು ತಿಂಗಳು ಅಲೆದವರನ್ನು ಕೇಳಿ. ತಬರ ಅವರಿಗೆ ಧೈರ್ಯ ಹೇಳುವುದಿಲ್ಲ. ನಿಮಗಾದದ್ದು ನನಗೂ ಆಗಿದೆ ಎಂದು ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತಾನೆ. ಕೆಲವು ದುಃಖಗಳಿಗೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಕೊಡಲಾರರು.

ಇನ್ನು ಕಾಯಕದಲ್ಲಿ ದುಃಖವನ್ನು ಮರೆಯಬೇಕೆನ್ನುವವರಿಗೆ ‘ಬಂಗಾರದ ಮನುಷ್ಯ’ ಪ್ರಿಯವಾದ ಚಿತ್ರ. 1972ರ ಈ ಚಿತ್ರದಲ್ಲಿ ಭಾವನ ಅಕಾಲ ಮರಣದಿಂದ ದಿಕ್ಕೆಟ್ಟ ಅಕ್ಕನ ಸಂಸಾರವನ್ನು ರಾಜೀವ ಹೊಲದಲ್ಲಿ ದುಡಿದು ಎತ್ತಿ ನಿಲ್ಲಿಸುತ್ತಾನೆ. ಆ ಶ್ರಮದ ಚಿತ್ರಣ ಎಷ್ಟೋ ತರುಣರನ್ನು ಬೇಸಾಯದ ಕಡೆಗೆ ತಿರುಗಿಸಿತೆಂದು ಹೇಳುವುದುಂಟು. ಆದರೆ ಚಿತ್ರದ ಕೊನೆಯಲ್ಲಿ, ಹೆಂಡತಿಯನ್ನೂ ಕಳೆದುಕೊಂಡು ಮನೆಯವರಿಂದಲೇ ನಿಂದೆಗೆ ಗುರಿಯಾದ ರಾಜೀವ ಎಲ್ಲವನ್ನೂ ಬಿಟ್ಟು ನಡೆದುಹೋಗುತ್ತಾನೆ, ಮರಳಿ ಬರುವುದಿಲ್ಲ. ಅತ್ತು ಹಗುರಾಗಲು ಅವನಿಗೆ ಎಲ್ಲಿಯೂ ಬಿಡುವು ಸಿಕ್ಕಿರಲಿಲ್ಲ ಎಂಬುದನ್ನು ಚಿತ್ರ ನೇರವಾಗಿ ಹೇಳದಿದ್ದರೂ, ಆ ನಡಿಗೆ ಹೇಳುತ್ತದೆ.

2022ರ ಜೂನ್ ತಿಂಗಳಲ್ಲಿ ತೆರೆಕಂಡ ‘777 ಚಾರ್ಲಿ’ ನಾಯಿಯೊಂದರ ಸಾವಿನ ಕಥೆ. ಅದನ್ನು ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ತೀರಿಹೋಗಿದ್ದ ತಮ್ಮ ಮನೆಯ ನಾಯಿಯನ್ನು ನೆನೆದು ಎಲ್ಲರೆದುರಿನಲ್ಲಿ ಕಣ್ಣೀರಿಟ್ಟಾಗ ಕೆಲವರು ನಕ್ಕರು. ನಕ್ಕವರು ದುಡಿಯುವ ಎತ್ತು ಸತ್ತ ದಿನ ಒಕ್ಕಲಿಗನ ಮನೆಯಲ್ಲಿ ಒಲೆ ಹೊತ್ತದಿರುವುದನ್ನು ನೋಡಿದವರಲ್ಲ. ಚಿತ್ರ ಅಗತ್ಯಕ್ಕಿಂತ ಉದ್ದವಾಗಿದೆ, ಕೊನೆಯಲ್ಲಿ ಕಣ್ಣೀರನ್ನು ಹಿಂಡುತ್ತದೆ; ಆದರೂ ಅಧಿಕಾರಸ್ಥಾನದಲ್ಲಿದ್ದ ಗಂಡಸೊಬ್ಬನನ್ನು ನಾಡಿನ ಮುಂದೆ ಅಳಗೊಟ್ಟಿತಲ್ಲ, ಅದು ಸಣ್ಣ ಮಾತಲ್ಲ.

ಕೊನೆಯದಾಗಿ ನಗುವಿನ ಚಿತ್ರವೊಂದು. ಸಾವಿನ ಮನೆಯಲ್ಲಿ ನಗು ಇರುವುದಿಲ್ಲವೆಂದು ತಿಳಿದವರು ಸಾವಿನ ಮನೆಯಲ್ಲಿ ಹೆಚ್ಚು ಹೊತ್ತು ಕುಳಿತವರಲ್ಲ. ಮೂರನೆಯ ದಿನಕ್ಕೆ ಯಾರೋ ಒಬ್ಬರು ಹೋದವರ ಜಿಪುಣತನವನ್ನೋ ಗೊರಕೆಯನ್ನೋ ನೆನೆದು ಕಿಸಕ್ಕೆಂದರೆ ಮನೆಯೆಲ್ಲ ನಗುತ್ತದೆ, ಆ ಮೇಲೆ ಮತ್ತೆ ಅಳುತ್ತದೆ. ರಾಮ್ ರೆಡ್ಡಿಯವರು 2015ರಲ್ಲಿ ಮಾಡಿದ ‘ತಿಥಿ’ ಈ ಗುಟ್ಟನ್ನು ಬಲ್ಲ ಚಿತ್ರ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಸೆಂಚುರಿ ಗೌಡನೆಂಬ 101 ವರ್ಷದ ಮುದುಕ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತ ಕುಳಿತವನು ಎದ್ದು ನಾಲ್ಕು ಹೆಜ್ಜೆ ಹಾಕಿ ಸಾಯುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆ. ಮೊಮ್ಮಗನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಕುರಿಗಾಹಿ ಹುಡುಗಿಯ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ನಟಿಸಿದವರೆಲ್ಲ ಹಳ್ಳಿಯ ಜನರೇ, ನಟನೆಯನ್ನು ಕಲಿತವರಲ್ಲ. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಾಗ ಪತ್ರಿಕೆಗಳು ಅದರ ಹಾಸ್ಯವನ್ನೇ ಹೊಗಳಿದವು. ನನಗೆ ಮುಖ್ಯವೆನಿಸಿದ್ದು ನಡುವೆ ಬರುವ ಒಂದು ರಾತ್ರಿ. ಯಾವುದಕ್ಕೂ ಅಂಟಿಕೊಳ್ಳದ ಗಡ್ಡಪ್ಪ, ಅಪರಿಚಿತರಾದ ಕುರಿಗಾಹಿಗಳ ಬೆಂಕಿಯ ಮುಂದೆ ಕುಳಿತು, ಮನೆಯವರಾರಿಗೂ ಹೇಳದ ತನ್ನ ಹಳೆಯ ನೋವನ್ನು ಮೆಲ್ಲನೆ ಬಿಚ್ಚಿಡುತ್ತಾನೆ. ಕೇಳುವವರು ಉಪದೇಶ ಮಾಡುವುದಿಲ್ಲ. ಅವರ ಮುಖ ಬೆಂಕಿಯ ಕಡೆಗಿರುತ್ತದೆ.

ಮಂಡ್ಯದ ಆ ಮಾತು ನಮ್ಮ ಕಡೆಯವರ ಕಿವಿಗೆ ಮೊದಲು ಒಗ್ಗುವುದಿಲ್ಲ; ಕಾಲುಗಂಟೆ ತಾಳ್ಮೆ ಬೇಕು. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಮೊದಲ ತಿಂಗಳಲ್ಲಿ ಇದನ್ನು ಯಾರಿಗೂ ತೋರಿಸಬೇಡಿ. ಆ ದಿನಗಳಿಗೆ ಸುಡುಗಾಡಿನ ಚಂದ್ರಮತಿಯೇ ಸರಿ. ವರ್ಷದ ಪುಣ್ಯಸ್ಮರಣೆ ಮುಗಿದು, ಬಂದ ಬೀಗರು ಇನ್ನೂ ಮನೆಯಲ್ಲಿಯೇ ಇರುವಾಗ, ಪ್ರಸಾದ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದರೆ, ಆಗ ಹಾಕಿ ನೋಡಿ. ಒಬ್ಬೊಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ಬೇರೆ ಬೇರೆಯಾಗಿ ನೋಡುವ ಚಿತ್ರವಲ್ಲ ಅದು.